ಹಾರದ ಗಂಟೆ

ಅಂದು ಬೆಳಿಗ್ಗೆ ಕಣಿವೆಯ ಮಂಜು ಸರೋವರದ ಮೇಲಿಂದ ಎದ್ದು, ಹೊರೆ ಹೊತ್ತ ಮುದುಕನಂತೆ ನಿಧಾನವಾಗಿ ಗುಡ್ಡ ಹತ್ತಿತು. ಬಿಡದೆ ಹಿಡಿದಿದ್ದ ತುಂತುರು ದೇವರ ದಯೆಯಿಂದ ನಿಂತಿತ್ತು. ಮೊಮ್ಮಗನ ಜ್ಞಾನಸ್ನಾನಕ್ಕೆ ಇಂಥ ದಿನ ಒದಗಿದ್ದರೂ ಮುದುಕಿ ಮರ್ಸಲಿಯ ಎದೆ ಹಗುರಾಗಲಿಲ್ಲ. ಒಲೆಯ ಮೇಲೆ ಗಂಟೆ ಇಡುವ ಗೋಡೆಗೂಡು ಖಾಲಿ ಇತ್ತು.

ಅವಳದು ಡ್ಯೂವರ್ ಮನೆತನ. ಸ್ಕಾಟ್ಲೆಂಡಿನ ಬೆಟ್ಟದವರ ನುಡಿಯಲ್ಲಿ ಆ ಹೆಸರಿಗೆ ಮೊದಲಿದ್ದ ಅರ್ಥ ಅಲೆಯುವವ, ಪರದೇಶಿ. ರೋಗ ವಾಸಿಮಾಡುವ ಸಂತರ ಗಂಟೆ ಹೊತ್ತು ಕಾಯಿಲೆಯವರ ಮನೆಮನೆಗೆ ಅಲೆದೂ ಅಲೆದೂ, ಗಂಟೆ ಕಾಯುವವರಿಗೇ ಆ ಹೆಸರು ನಿಂತುಹೋಯಿತು. ರೋಗಿಯ ತಲೆದೆಸೆಯಲ್ಲಿ ಗಂಟೆ ಇಟ್ಟು ಬರಬೇಕು; ವಾಪಸು ಕೇಳಬಾರದು, ಗುಣವಾದ ಮೇಲೆ ಅವರೇ ತಂದುಕೊಡಬೇಕು. ಅದು ಕಟ್ಟಳೆ. ಚಳಿಗಾಲದಲ್ಲಿ ನೆರೆಯ ಯಾಹನ್‌ನ ಹೆಂಡತಿ ಬೇಹಕ್ ಜ್ವರದಿಂದ ಮಲಗಿದಾಗ ಹೋದ ಗಂಟೆ, ಕೋಗಿಲೆ ಕೂಗುವ ಕಾಲ ಬಂದರೂ ತಿರುಗಿ ಬಂದಿರಲಿಲ್ಲ. ಮಾರಿಕೊಂಡನೋ ಏನೋ, ಶಿಲುಬೆಯೇ ಬಲ್ಲದು.

"ಅವ್ವಾ, ಪಾದ್ರಿಗಳು ಕಾಯ್ತಿದಾರೆ," ಎಂದ ಮಗ ಟಾರ್ಮಡ್.

"ಕಾಯ್ಲಿ ಬಿಡೋ. ಗಂಟೆ ಕಳಕೊಂಡ ಮನೇಲಿ ಮಗೂಗೆ ಡ್ಯೂವರ್ ಅಂತ ಹೆಸರು ಕೊಟ್ರೆ ಉಳಿಯೋದೇನು? ಬರೀ ಪರದೇಶಿ."

"ಒಂದು ಮಾತು ಹೋಗಿ ಕೇಳ್ಬಾರ್ದಾ?"

"ನಿಮ್ಮಪ್ಪ ಕೇಳಿದ್ನಾ? ಅವರಪ್ಪ ಕೇಳಿದ್ನಾ?"

ಅಷ್ಟರಲ್ಲಿ ಬಾಗಿಲಲ್ಲಿ ಬೇಹಕ್ ನಿಂತಿದ್ದಳು. ಕೆನ್ನೆ ಕೆಂಪಗೆ ದುಂಡಗಾಗಿತ್ತು. ಬೆನ್ನ ಹಿಂದೆ ಯಾಹನ್.

"ಜ್ವರ ಬಿಟ್ಟು ಯಾವ ಕಾಲ ಆಯ್ತು ಮರ್ಸಲಕ್ಕಾ! ಈ ಮಹಾರಾಯ ಹಾಸಿಗೆ ಬಿಟ್ಟು ಏಳಕ್ಕೆ ಬಿಟ್ರೆ ತಾನೆ? ಓಟ್ಸ್ ಗಂಜಿ ಕುಡಿಸಿದ್ದೇ ಕುಡಿಸಿದ್ದು!"

ಯಾಹನ್ ಟೋಪಿ ಹಿಂಡಿದ. "ರೋಗ ವಾಸಿಯಾದ್ರೆ ಸಂತರ ಗಂಟೆ ತಾನಾಗೇ ಹಾರಿ ಮನೆಗೆ ಹೋಗತ್ತೆ ಅಂತ ನಮ್ಮಜ್ಜಿ ಹೇಳ್ತಿದ್ಲು. ಇದು ಹಾರ್ಲೇ ಇಲ್ಲ. ಇವಳಿಗಿನ್ನೂ ಗುಣ ಆಗಿಲ್ಲ ಅಂದ್ಕೊಂಡೆ."

"ಹಾರಕ್ಕೆ ದಾರಿ ಬೇಕು ಅಂತ ಬಾಗ್ಲು ಬೇರೆ ತೆಗ್ದಿಡ್ತಿದ್ದ! ಆ ಗಾಳಿಗೇ ಸಾಯ್ಬೇಕಿತ್ತು ನಾನು. ಇವತ್ತು ಮಗೂಗೆ ಜ್ಞಾನಸ್ನಾನ ಅಂತ ಕೇಳ್ದೆ. ಅದು ಹಾರದಿದ್ರೆ ನಾನೇ ನಡೀತೀನಿ ಅಂತ ಎದ್ದು ಬಂದ್ಬಿಟ್ಟೆ."

ಮರ್ಸಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಕಲ್ಲು ಆ ನಗೆಯಲ್ಲೇ ಉರುಳಿಹೋಯಿತು. ತಾನು ಕೇಳದೆ ಕಾದಳು, ಅವನು ಕೊಡದೆ ಕಾದ, ಇಬ್ಬರದೂ ಭಕ್ತಿಯೇ.

"ಹಾರೋದೆಲ್ಲ ಹಿಂದಿನ ಕಾಲಕ್ಕಾಯ್ತು ಕಣಪ್ಪಾ," ಎಂದಳು. "ಅದಕ್ಕೂ ವಯಸ್ಸಾಯ್ತು. ಈಗ ಯಾರಾದ್ರೂ ಹೊತ್ಕೊಂಡು ಬರ್ಬೇಕು. ಟಾರ್ಮಡ್, ಮಗೂನ ಎತ್ಕೋ. ಹೊರಡೋಣ."

ಬೇಹಕ್ ಶಾಲಿನ ಮಡಿಕೆ ಬಿಡಿಸಿ, ಗಂಟೆಗೆ ಮುತ್ತಿಟ್ಟು, ಮುದುಕಿಯ ಚಾಚಿದ ಎರಡೂ ಕೈಗಳಲ್ಲಿ ಅದನ್ನು ಮೆಲ್ಲಗೆ ಇಟ್ಟಳು.