ಮುಳುಗಲೊಲ್ಲದ ಕೊರಡು

ಆ ಬಡಗಿ ಮಾಡಿದ ಬಾಗಿಲಿನ ಸಂದಿಯಲ್ಲಿ ಸೊಳ್ಳೆ ನುಗ್ಗಬೇಕಾದರೆ ಮೊದಲು ಉಪವಾಸ ಬಿದ್ದು ಸೊರಗಬೇಕಿತ್ತು. ಅವನ ಕುರ್ಚಿಯ ಮೇಲೆ ಆನೆ ಕೂತರೆ ಕುರ್ಚಿ ಕಿರ್ ಎನ್ನುತ್ತಿರಲಿಲ್ಲ, ಆನೆಯೇ ಕಿರ್ ಎನ್ನುತ್ತಿತ್ತು. ಅಂಥವನನ್ನು ಇವತ್ತು ಮೊಳದುದ್ದದ ಕೊರಡೊಂದು, ತಾನು ಹನಿಯನ್ನೂ ಕುಡಿಯದೆ, ನಡುಮನೆಯಲ್ಲಿ ನಿಲ್ಲಿಸಿ ನೀರು ಕುಡಿಸುತ್ತಿತ್ತು.

ಕೊರಡು ಅಕ್ಕನ ಮನೆಯ ಗಾಜಿನ ಮೀನುತೊಟ್ಟಿಯದು. ಹೊಳೆಯಲ್ಲಿ ನೆಂದು ಮುಳುಗಿ ಬಿದ್ದಿದ್ದನ್ನು ಭಾವ ಬದುಕಿದ್ದಾಗ ಎತ್ತಿ ತಂದು ತೊಟ್ಟಿಯ ತಳದಲ್ಲಿ ಇಟ್ಟಿದ್ದರು. ಅದರಡಿಯ ಕತ್ತಲಲ್ಲಿ ಮುದಿ ಮೀಸೆಮೀನೊಂದು ವಾಸವಾಗಿತ್ತು. ಮೀಸೆ ಎಂದರೆ ಎಂಥ ಮೀಸೆ! ಪೊಲೀಸರು ಕೂಡ ಅದರೆದುರು ತಮ್ಮ ಮೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳಬೇಕು. ಭಾವ ಹೋದಮೇಲೆ ಅಕ್ಕ ಅದನ್ನು 'ಯಜಮಾನರು' ಎಂದೇ ಕರೆಯುತ್ತಿದ್ದಳು. ಮಗಳ ಹೆರಿಗೆಗೆ ಹೊರಡುವಾಗ ತಮ್ಮನ ಕೈಗೆ ಬೀಗದ ಕೈ ಕೊಟ್ಟು, "ಈ ಮನೇಲಿ ನನ್ನ ಜೊತೆ ಉಸಿರಾಡೋದು ಇದೊಂದೇ ಕಣೋ. ತಿನ್ನೋಕೆ ಹಾಕು, ಮತ್ತೇನೂ ಮಾಡಬೇಡ" ಎಂದಿದ್ದಳು.

ಮತ್ತೇನೂ ಮಾಡದಿರುವುದು ಬಡಗಿಯ ರಕ್ತದಲ್ಲೇ ಇರಲಿಲ್ಲ. ಪಾಚಿ ಉಜ್ಜೋಣವೆಂದು ಕೊರಡನ್ನು ಹೊರಗೆ ತೆಗೆದ. ಅದರ ಒದ್ದೆ ಭಾರ ಕೈಗೆ ತಗುಲಿದ್ದೇ ತಡ, ಮೈಯೆಲ್ಲ ಉರಿದುಹೋಯಿತು. ನೆಂದ ಮರ! ಬಡಗಿಯ ಅಕ್ಕನ ಮನೆಯಲ್ಲಿ! ತಾರಸಿಗೆ ಒಯ್ದು ಇಟ್ಟಿಗೆಗಳ ಮೇಲೆ ಏರಿಸಿ, ದಿನಕ್ಕೊಂದು ಮಗ್ಗುಲು ತಿರುಗಿಸುತ್ತ, ತೇಗದ ಹಲಗೆಗೆ ಹದ ಕೊಡುವಂತೆ ಒಣಗಿಸಿದ. ಬೆರಳಲ್ಲಿ ಬಡಿದರೆ ಟಣ್ ಎನ್ನುವವರೆಗೆ ಬಿಡಲಿಲ್ಲ.

ಅಷ್ಟರಲ್ಲಿ ಸೂರು ಕಳೆದುಕೊಂಡ ಯಜಮಾನರು ಅನ್ನ ನೀರು ಬಿಟ್ಟಿದ್ದರು. ಬೆಳಕಿಗೆ ಹೆದರಿ ಗಾಜಿಗೆ ಹಾಯ್ದು ಮೂತಿ ಕೆಂಪಾಗಿತ್ತು. ಮಡಕೆಯ ಚೂರು ಇಟ್ಟರೆ ಅದಕ್ಕೆ ಬೆನ್ನು ತಿರುಗಿಸಿದರು. 'ಕೊರಡು ಬಂದರೆ ಕೋಪ ಇಳಿಯುತ್ತೆ' ಎಂದುಕೊಂಡಿದ್ದ ಬಡಗಿ. ಅಕ್ಕ ಬರುವ ದಿನ ಬೆಳಿಗ್ಗೆ ಅದನ್ನು ನೀರಿಗಿಳಿಸಿದ. ಕೊರಡು ಬೆಣ್ಣೆಯ ಮುದ್ದೆಯಂತೆ ತೇಲಿತು. ತಳದಲ್ಲಿ ಯಜಮಾನರು ಮಗ್ಗುಲಾಗಿ ಬಿದ್ದಿದ್ದರು.

ಬಡಗಿ ಹಗ್ಗ ಹುಡುಕಿ ತಂದ. ಕೊರಡಿಗೆ ಕಲ್ಲು ಕಟ್ಟಿದ. ಕಲ್ಲು ಜಾರಿತು, ಕೊರಡು ಚಿಮ್ಮಿ ಅವನ ಗಲ್ಲಕ್ಕೇ ಗುದ್ದಿತು. ಬೇಗ ನೀರು ಕುಡಿಯಲೆಂದು ಕುದಿಸೋಣವೆಂದರೆ ಅದು ಹಿಡಿಸುವ ಪಾತ್ರೆ ಭೂಮಿಯ ಮೇಲೆ ಇರಲಿಲ್ಲ. ಮೊಳೆ, ಸುತ್ತಿಗೆ ಹಿಡಿದು ಬಗ್ಗಿದವನಿಗೆ, ತಳ ಗಾಜಿನದು ಎಂಬುದು ಕೊನೇ ಗಳಿಗೆಯಲ್ಲಿ ನೆನಪಾಯಿತು. ಬೆವರುತ್ತ ಸಾಕುಮೀನಿನ ಅಂಗಡಿಯವನಿಗೆ ಫೋನ್ ಮಾಡಿದ.

"ಒಣಗಿಸಿದ್ರಾ? ನೀರಲ್ಲಿ ಇರೋ ಮರಾನಾ?" ಆ ಕಡೆಯವನು ನಕ್ಕ ನಗೆಗೆ ಫೋನೇ ಅದುರಿತು. "ಮುಂದಿನ ಸಲ ಮೀನನ್ನೂ ಹಗ್ಗಕ್ಕೆ ಹಾಕಿ ಸ್ವಾಮಿ!"

"ನಗಬೇಡಪ್ಪ, ಅದು ಸಾಯ್ತಿದೆ. ಏನು ಮಾಡಲಿ ಹೇಳು."

ನಗು ನಿಂತಿತು. "ಮೊದಲು ಅದಕ್ಕೆ ನೆರಳು ಬೇಕು. ಮರ ನೀರು ಕುಡಿಯೋವರೆಗೂ ಒತ್ತಿ ಹಿಡೀಬೇಕು."

"ಎಷ್ಟು ಹೊತ್ತು?"

"ಹೊತ್ತಲ್ಲ, ವಾರಗಟ್ಟಲೆ."

ಬಡಗಿ ಫೋನ್ ಎಸೆದು, ತೋಳನ್ನು ಹೆಗಲವರೆಗೂ ತೊಟ್ಟಿಗಿಳಿಸಿ ಕೊರಡನ್ನು ತಳಕ್ಕೆ ಒತ್ತಿದ. ಅದು ಹುಚ್ಚು ಹೋರಿಯಂತೆ ಕೊಸರಿತು. ತೋಳು ಮರಗಟ್ಟಿತು, ಸೊಂಟ ಬಿದ್ದುಹೋಯಿತು, ಅವನು ಬಿಡಲಿಲ್ಲ. "ಬನ್ನಿ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಒಳಗೆ ಬನ್ನಿ" ಎಂದು ಗೊಗರೆದ. ಮೀನಿಗೆ ಕಾಲಿಲ್ಲ ಎಂಬುದನ್ನು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬಹಳ ಹೊತ್ತಿನ ಮೇಲೆ ಬಾಲ ಅಲುಗಿತು. ಯಜಮಾನರು ತೆವಳುತ್ತ ಬಂದು ಅವನ ಬೆರಳಿಗೆ ಮೀಸೆ ಸೋಕಿಸಿ ಕೊರಡಿನಡಿ ಸೇರಿದರು.

ಆಗಲೇ ಕರೆಗಂಟೆ ಹೊಡೆಯಿತು.

"ಲೋ, ಚಿಲಕ ತೆಗಿಯೋ! ಕೈ ಬಿದ್ದುಹೋಗ್ತಿದೆ, ಎರಡು ಚೀಲ!"

"ಆಗಲ್ಲ ಅಕ್ಕ!"

"ಆಗಲ್ವಾ? ನನ್ನ ಮನೆ ಕಣೋ ಇದು!"

"ಕೈ ಬಿಟ್ರೆ ಯಜಮಾನರು ಹೋಗಿಬಿಡ್ತಾರೆ!"

ಹೊರಗೆ ಚೀಲಗಳು ಧೊಪ್ಪನೆ ಬಿದ್ದವು. ಅಕ್ಕ ಸುತ್ತಿ ಬಂದು ಹಿತ್ತಲ ಬಾಗಿಲಿನಿಂದ ಒಳಗೆ ಓಡಿಬಂದಳು. ಒದ್ದೆಮುದ್ದೆಯಾದ ತಮ್ಮನನ್ನು ನೋಡಿದಳು, ತೊಟ್ಟಿಗೆ ಮುಖವಿಟ್ಟು ಬಗ್ಗಿದಳು.

"ಒಣಗಿಸಿದೆ ಅಕ್ಕ. ಒಳ್ಳೇದಕ್ಕೇ ಅಂತ..."

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬಳೆ ಹಿಂದಕ್ಕೆ ಸರಿಸಿ ತೊಟ್ಟಿಗೆ ಕೈಯಿಟ್ಟು ಕೊರಡನ್ನು ಹಿಡಿದಳು. "ಬಡಗಿ ತಾನೆ ನೀನು? ಹೋಗು, ಏನಾದ್ರೂ ಮಾಡು. ನನಗೆ ನಿನ್ನಷ್ಟು ಕಸುವಿಲ್ಲ."

ತೊಟ್ಟಿಯ ಅಂಚಿಗೆ ಅಡ್ಡಪಟ್ಟಿ ಬಿಗಿದು, ಅದರಿಂದ ಕೊರಡಿಗೆ ಊರುಗೋಲು ಕೊಡಬೇಕು. ಇಷ್ಟೇ ಕೆಲಸ. ಊರಿನ ಬಾಗಿಲುಗಳನ್ನೆಲ್ಲ ಕಣ್ಣಳತೆಯಲ್ಲೇ ಕೊಯ್ದವನು ಆ ಕೋಲನ್ನು ಗಿಡ್ಡ ಕೊಯ್ದ. ಎರಡನೆಯದನ್ನೂ ಗಿಡ್ಡ ಕೊಯ್ದ. ಸೆಟೆದ ಬೆರಳಿನಲ್ಲಿ ಗರಗಸ ನಿಲ್ಲುತ್ತಿರಲಿಲ್ಲ.

"ಬೇಗ ಕಣೋ," ಅಕ್ಕ ಇನ್ನೊಂದು ಕೈಯನ್ನೂ ತೊಟ್ಟಿಗಿಳಿಸಿದಳು. "ಮೇಲೆ ಬರ್ತಿದೆ."

ಮೂರನೆಯದು ಕೂತಿತು. ಅವನು ಪಟ್ಟಿಯನ್ನು ಕ್ಲ್ಯಾಂಪಿನಲ್ಲಿ ಬಿಗಿದು ಉಸಿರು ಹಿಡಿದು ನೋಡಿದ. ಕೊರಡು ಅಲುಗಲಿಲ್ಲ. ಅದರಡಿಯ ಕತ್ತಲಲ್ಲಿ ಕಿವಿರು ಮೆಲ್ಲಗೆ ತೆರೆಯಿತು. ಮತ್ತೆ ತೆರೆಯಲು ಯುಗವೊಂದು ಹಿಡಿಯಿತು.

"ಕೈ ತೆಗಿ ಅಕ್ಕ. ನಿಲ್ಲುತ್ತೆ."

"ನಿಜವಾಗ್ಲೂ?"

ಅವನ ಬಾಯಿ ತೆರೆಯಿತು. ಹುಟ್ಟಿದಾಗಿನಿಂದ ತನ್ನ ಕೆಲಸದ ಬಗ್ಗೆ ಜಂಬ ಕೊಚ್ಚುತ್ತ ಬಂದ ಬಾಯಿ ಅದು.

"ಗೊತ್ತಿಲ್ಲ ಅಕ್ಕ" ಎಂದ ಬಡಗಿ, ಮತ್ತೆ ಅಂಗಿಯ ತೋಳು ಮಡಚಿ ಅವಳ ಕೈಯ ಪಕ್ಕದಲ್ಲೇ ತನ್ನ ಕೈ ಇಳಿಸಿದ.