ಬೇಡ ಎಂದ ಮೇಲೆ

ಆ ಮನೆಯಲ್ಲಿ ಯಾರೂ 'ಬೇಡ' ಅನ್ನುತ್ತಿರಲಿಲ್ಲ. ಇದನ್ನು ಕೇಳಿ ಅವರೆಲ್ಲ ಹೊಟ್ಟೆಬಾಕರೆಂದೋ, ಕೊಟ್ಟಿದ್ದಕ್ಕೆಲ್ಲ ಕೈಯೊಡ್ಡುವವರೆಂದೋ ತಿಳಿಯಬಾರದು. ಇನ್ನೊಂದು ತುತ್ತು ಬಡಿಸಲೇ ಎಂದರೆ 'ಸಾಕು' ಅನ್ನುತ್ತಿದ್ದರು. ಅಂಗಡಿಯವನು ಚೀಲ ಕೊಡಲೇ ಎಂದು ಕೇಳಿದರೆ ಮನೆಯ ಯಜಮಾನರಾದ ಭಾವ ತಡವರಿಸಿ ಸುಮ್ಮನಾಗುತ್ತಿದ್ದರು, ಅವನು ಕೊಟ್ಟೇಬಿಡುತ್ತಿದ್ದ. ಅಡುಗೆಮನೆಯ ಬಾಗಿಲ ಹಿಂದೆ ಚೀಲಗಳ ರಾಶಿ ಬಿದ್ದಿತ್ತು. 'ಬೇಡ' ಎಂಬ ಮಾತನ್ನು ಅವರು ಒಂದೇ ಒಂದು ಕೆಲಸಕ್ಕೆ ಮೀಸಲಿಟ್ಟಿದ್ದರು.

ಭಾವ ಗಡಿಯಾರ ರಿಪೇರಿ ಮಾಡುವವರು. ಬೀದಿಯ ಮೂಲೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದರು. ಅವೇ ಕೈಗಳು ಸರಕು ತುಂಬಿದ ಲಾರಿಯನ್ನೂ ಎತ್ತುತ್ತಿದ್ದವು. ಈ ಶಕ್ತಿ ಯಾವಾಗ ಬಂತು ಎಂದು ಕೇಳಿದರೆ, "ತಲೆಕೂದಲು ಉದುರೋಕೆ ಶುರುವಾದ ವರ್ಷ" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ.

ಅವರ ನಾದಿನಿಗೆ, ಅಂದರೆ ಹೆಂಡತಿಯ ತಂಗಿಗೆ, ಇನ್ನೊಂದು ಬಗೆಯ ವರ. ಭಾವನ ಮಗಳು ಚೂಟಿ ಕರೆದೂ ಕರೆದೂ ಅವಳು ಬೀದಿಗೆಲ್ಲ ಚಿಕ್ಕಮ್ಮನಾಗಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಉದ್ಯೋಗ. ತಮಾಷೆಯೆಂದರೆ ಅವಳಿಗೆ ಯಂತ್ರದ ಹಂಗೇ ಇರಲಿಲ್ಲ. ಕಣ್ಣು ಕೊಂಚ ಕಿರಿದು ಮಾಡಿದರೆ ಗೋಡೆ, ಮರ, ಚರ್ಮ ಎಲ್ಲ ತೆಳುವಾಗಿ ಒಳಗಿರುವುದು ಕಾಣುತ್ತಿತ್ತು. ಆದರೂ ತಪ್ಪದೆ ಗುಂಡಿ ಒತ್ತುತ್ತಿದ್ದಳು. ಫಿಲ್ಮು ಕೈಗೆ ಬಂದರೇನೇ ರೋಗಿಗೂ ಡಾಕ್ಟರಿಗೂ ಸಮಾಧಾನ.

ಕಷ್ಟದಲ್ಲಿದ್ದವರ ನೆರವಿಗೆ ಓಡುವ ಈ ತಂಡದಲ್ಲಿ ಇನ್ನಿಬ್ಬರಿದ್ದರು. ಒಬ್ಬಳು ಬಸ್ಸಿನ ಡ್ರೈವರು. ತಾನು ಓಡಿಸುವ ಬಸ್ಸಿಗಿಂತ ತಾನೇ ಜೋರಾಗಿ ಓಡುತ್ತಿದ್ದುದರಿಂದ ಅವಳ ಹೆಸರು ಗಾಳಿ. ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಅವರು ಕೈ ಎತ್ತಿದರೆ ಇಡೀ ಬೀದಿಯ ಸದ್ದು ಅಡಗುತ್ತಿತ್ತು. "ನಿವೃತ್ತಿಗೆ ಮುಂಚೆ ಬಂದಿದ್ರೆ ಏನು ಹೋಗ್ತಿತ್ತು ಈ ಶಕ್ತಿಗೆ!" ಎಂದು ಅವರು ಹಲುಬದ ದಿನವಿರಲಿಲ್ಲ.

ಚೂಟಿಗೆ ಈ ತಂಡದ ಬಗ್ಗೆ ಮಹಾ ಅಸಮಾಧಾನ. ಹನ್ನೆರಡು ವರ್ಷದ ಹುಡುಗಿ, ದಿಂಬಿನಷ್ಟು ದಪ್ಪದ ಕಾದಂಬರಿಗಳನ್ನು ಲೈಬ್ರರಿಯಿಂದ ತಂದು ನುಂಗುತ್ತಿದ್ದಳು. ಎಲ್ಲದರಲ್ಲೂ ಮಹಾವೀರರ ಗುಂಪು, ಜಗತ್ತನ್ನು ಉಳಿಸುವ ಕೆಲಸ.

"ಅವರು ಬಂದ ತಕ್ಷಣ ಢಂ ಅಂತ ನುಗ್ತಾರೆ ಚಿಕ್ಕಮ್ಮ. ನೀವು ಬಂದು ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತ್ಕೊಳ್ತೀರಿ. ಯಾರಾದ್ರೂ ನಿಮ್ಮ ಬಗ್ಗೆ ಪುಸ್ತಕ ಬರೆದ್ರೆ ಮೊದಲನೇ ಪುಟಕ್ಕೇ ಆಕಳಿಕೆ ಬರುತ್ತೆ."

ಹುಡುಗಿಯ ಮಾತು ಸುಳ್ಳಲ್ಲ. ಅವರು ಮುಖ ನೋಡಿಕೊಂಡು ನಿಲ್ಲಲು ಕಾರಣವಿತ್ತು. ಭಾವ ಮೊಟ್ಟಮೊದಲ ಸಲ ಶಕ್ತಿ ತೋರಿಸಿದ್ದು ಗೋದಾಮಿನ ಕಬ್ಬಿಣದ ಗೇಟು ಕೂಲಿಯಾಳೊಬ್ಬನ ಮೇಲೆ ಬಿದ್ದಾಗ. ಹಿಂದುಮುಂದು ನೋಡದೆ ಇತ್ತ ಎತ್ತಿದರು. ಅತ್ತ ತುದಿ ಕೆಳಗೆ ಕುಸಿದು ಇನ್ನೊಬ್ಬನ ಭುಜ ಮುರಿಯಿತು. ಆ ಎರಡನೆಯವನನ್ನು ಭಾವ ನೋಡಿರಲೇ ಇಲ್ಲ. ಚಪ್ಪಾಳೆಯ ನಡುವೆ ಅವನ ನರಳಾಟ ಕೇಳಿಸಿಕೊಂಡ ಮನುಷ್ಯ ವಾರಗಟ್ಟಲೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಆಮೇಲೆ ನಾಲ್ವರೂ ಕೂತು ಒಂದು ಕಟ್ಟುಪಾಡು ಮಾಡಿಕೊಂಡರು. ಯಾರು ಶಕ್ತಿ ಬಳಸುತ್ತಿದ್ದರೂ ಸರಿ, ಉಳಿದವರಲ್ಲಿ ಒಬ್ಬರು 'ಬೇಡ' ಎಂದರೆ ಮುಗಿಯಿತು. ಕೈ ಆ ಕ್ಷಣವೇ ಹಿಂದೆ ಬರಬೇಕು. ಯಾಕೆ ಎಂದು ಆಮೇಲೆ ಕೇಳಬಹುದು, ಮೊದಲು ಕೇಳುವ ಹಾಗಿಲ್ಲ.

ಒಮ್ಮೆ ಹಳ್ಳಕ್ಕೆ ಜಾರಿದ್ದ ಲಾರಿಯನ್ನು ಭಾವ ಎತ್ತಿ ಇನ್ನೇನು ರಸ್ತೆಗೆ ಇಡಬೇಕು, ಪಕ್ಕದಲ್ಲಿ ಯಾರೋ ಮೇಷ್ಟ್ರಿಗೆ ಟೀ ಕೊಡಲು ಬಂದರು. ಮೇಷ್ಟ್ರು "ಬೇಡ" ಎಂದರು. ಭಾವ ಲಾರಿಯನ್ನು ಡ್ರೈವರ್ ಸಮೇತ ವಾಪಸ್ ಹಳ್ಳದಲ್ಲಿಟ್ಟರು. ಆ ಡ್ರೈವರ್ ಬೈದ ಬೈಗುಳ ಬರೆಯುವಂಥದ್ದಲ್ಲ. ಅಂದಿನಿಂದ ಆ ಪದ ಅವರ ದಿನದ ಮಾತಿನಿಂದಲೇ ಮಾಯವಾಯಿತು. ಚೂಟಿಯಂತೂ ಅದನ್ನು ಆಡದೆಯೇ ಬೆಳೆದವಳು.

ಅಂದು ಶಾಲೆಗೆ ರಜೆ. ಮಧ್ಯಾಹ್ನದ ಊಟ ಮುಗಿಸಿ ಚೂಟಿ ಪುಸ್ತಕ ಬದಲಾಯಿಸಲು ಹೋಗಿದ್ದಳು. ಲೈಬ್ರರಿ ಇದ್ದದ್ದು ಹಳೆಯ ಮೂರಂತಸ್ತಿನ ಕಟ್ಟಡದ ಕೆಳಮನೆಯಲ್ಲಿ. ಮೇಲಿನವರು ಅಡ್ಡಬಂದ ಕಂಬವೊಂದನ್ನು ಒಡೆಸಿ ಹಜಾರ ದೊಡ್ಡದು ಮಾಡಿಸಿಕೊಳ್ಳುತ್ತಿದ್ದರಂತೆ. ಕಟ್ಟಡ ಎಷ್ಟು ದಿನ ತಾಳೀತು? ಕುಸಿಯಿತು. ಗಾಳಿ ಆಸ್ಪತ್ರೆಗೆ ನುಗ್ಗಿ ಚಿಕ್ಕಮ್ಮನನ್ನು ಬೆನ್ನ ಮೇಲೆ ಹೊತ್ತು ತಂದು ಇಳಿಸಿದಾಗ ಧೂಳಿನ್ನೂ ಕೆಳಗಿಳಿದಿರಲಿಲ್ಲ.

ಬೀದಿಯ ತುಂಬ ಜನ. ಮುಂದೆ, ಓರೆಯಾಗಿ ಬಿದ್ದ ದೊಡ್ಡ ಚಪ್ಪಡಿಯ ಪಕ್ಕದಲ್ಲಿ ಭಾವ ಮಂಡಿಯೂರಿದ್ದರು. ಚಪ್ಪಡಿಯ ಅಡಿಯಿಂದ ಸಣ್ಣ ದನಿ ಬರುತ್ತಿತ್ತು.

"ಅಪ್ಪಾ, ಕಾಲು. ಅಪ್ಪಾ, ನನ್ನ ಕಾಲು."

"ಬಂದೆ ಕಂದ. ಈಗ ಎತ್ತಿಬಿಡ್ತೀನಿ," ಎಂದು ಭಾವ ಎರಡೂ ಕೈ ಚಪ್ಪಡಿಯ ಅಂಚಿಗೆ ಕೊಟ್ಟರು.

ಚಿಕ್ಕಮ್ಮ ಕಣ್ಣು ಕಿರಿದು ಮಾಡಿದಳು. ಕಾಂಕ್ರೀಟು ತೆಳುವಾಯಿತು. ಈ ತುದಿಯಲ್ಲಿ ಚೂಟಿ, ಎಡಪಾದ ಚಪ್ಪಡಿಯ ಅಡಿಗೆ ಸಿಕ್ಕಿದೆ. ಒಂದು ಗೇಣು ಎತ್ತಿದರೆ ಸಾಕು, ಹುಡುಗಿ ಹೊರಗೆ. ಜೀವ ಹಗುರವಾಗಿ ಚಿಕ್ಕಮ್ಮ ಇನ್ನೂ ಆಚೆಗೆ ನೋಡಿದಳು. ಆ ತುದಿಯಲ್ಲಿ ಮೆಟ್ಟಿಲಿನ ಗೋಡೆ ಪೂರ್ತಿ ಬಿರುಕು ಬಿಟ್ಟು ಇದೇ ಚಪ್ಪಡಿಗೆ ಒರಗಿ ನಿಂತಿತ್ತು. ಗೋಡೆಯ ಬುಡದಲ್ಲಿ ಲೈಬ್ರರಿಯ ಮೇಡಮ್ಮು, ಅವರ ಪಕ್ಕ ನಲ್ಲಿ ಸರಿಮಾಡಲು ಬಂದಿದ್ದ ಪ್ಲಂಬರ್. ಇಬ್ಬರ ಎದೆಯೂ ಬಡಿಯುತ್ತಿತ್ತು. ಇತ್ತ ಚಪ್ಪಡಿ ಅಲುಗಿದರೆ ಅತ್ತ ಗೋಡೆ ಅವರ ಮೇಲೆ. ಭಾವನಿಗೆ ಎಷ್ಟು ಶಕ್ತಿಯಿದ್ದರೇನು, ಇರುವುದು ಎರಡೇ ಕೈ.

ಹಾಗೆಂದು ತಡಮಾಡುವಂತೆಯೂ ಇರಲಿಲ್ಲ. ಆ ಪುಟ್ಟ ಪಾದಕ್ಕೆ ರಕ್ತ ಹೋಗುವುದು ನಿಂತಿರುವುದು ಅವಳಿಗೆ ಕಾಣುತ್ತಿತ್ತು. ಕಲ್ಲು ಕಲ್ಲಾಗಿ ತೆಗೆದು ದಾರಿ ಮಾಡುವಷ್ಟರಲ್ಲಿ ಆ ಪಾದದ ಗತಿ ಏನಾಗುತ್ತದೆ ಎಂದು ಅವಳಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಅವಳು ಎತ್ತಿ ಆಡಿಸಿದ ಮಗು. ಅವಳ ಬೆರಳು ಹಿಡಿದು ನಡೆಯಲು ಕಲಿತ ಕಾಲು. ಈಗ ತಾನು ಸುಮ್ಮನಿದ್ದರೆ ಆಯಿತು; ಚಪ್ಪಡಿಯ ಆಚೆಗಿದ್ದದ್ದು ಅವಳೊಬ್ಬಳಿಗಲ್ಲದೆ ಇನ್ಯಾರಿಗೂ ಕಂಡಿರಲಿಲ್ಲ, ಮುಂದೆಯೂ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಭಾವನ ತೋಳಿನ ನರಗಳು ಉಬ್ಬಿದವು. ಚಪ್ಪಡಿ ಕಿರ್ರೆಂದಿತು. ಒಳಗೆ ಯಾರೋ ಕಿರುಚಿದರು.

"ಬೇಡ," ಎಂದಳು ಚಿಕ್ಕಮ್ಮ.

ಭಾವ ಕೈ ತೆಗೆದರು.

ಎಷ್ಟೋ ವರ್ಷ ಅವರು ಲಾರಿ ಎತ್ತಿದ್ದನ್ನು, ಬಸ್ಸು ಎತ್ತಿದ್ದನ್ನು, ಒಮ್ಮೆ ಹಳಿ ತಪ್ಪಿದ ರೈಲುಡಬ್ಬಿಯನ್ನೇ ಹೆಗಲು ಕೊಟ್ಟು ನಿಲ್ಲಿಸಿದ್ದನ್ನು ಚಿಕ್ಕಮ್ಮ ನೋಡಿದ್ದಳು. ಅವಳ ಮೈ ಇಂದಿನ ಹಾಗೆ ಎಂದೂ ನಡುಗಿರಲಿಲ್ಲ. ಮಗಳು "ಅಪ್ಪಾ" ಎನ್ನುತ್ತಿದ್ದಾಳೆ, ಒಂದು ಗೇಣು ಎತ್ತಿದರೆ ಸಿಗುತ್ತಾಳೆ, ಆ ಮನುಷ್ಯ ಕಾದ ಬಾಣಲೆ ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡು ಎದೆಗೊತ್ತಿಕೊಂಡು ಕೂತಿದ್ದಾರೆ. ಅವಳ ಕಡೆ ತಿರುಗಿದ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾಕೆ?" ಎಂದರು, ಈಗ ಕೇಳಬಹುದಾಗಿತ್ತು.

"ಒಳಗೆ ಇನ್ನಿಬ್ಬರು ಇದ್ದಾರೆ ಭಾವ. ಇದನ್ನ ಅಲುಗಿಸಿದ್ರೆ ಗೋಡೆ ಅವರ ಮೇಲೆ ಬೀಳುತ್ತೆ."

"ಜೀವ ಇದೆಯಾ?"

"ಇದೆ. ಇಬ್ಬರಿಗೂ ಇದೆ."

ಭಾವ ಕಣ್ಣುಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು. "ಎಲ್ಲಿಂದ ಶುರು ಮಾಡ್ಲಿ, ಹೇಳು," ಎಂದರು.

ಆ ಬದಿಯಿಂದ, ಮೆಟ್ಟಿಲಿನ ಕಡೆಯಿಂದ ಶುರು ಮಾಡಬೇಕಿತ್ತು. ಚಿಕ್ಕಮ್ಮ ಒಳಗಿನದನ್ನು ನೋಡಿ ಹೇಳಿದಂತೆ ಭಾವ ಒಂದೊಂದೇ ಇಟ್ಟಿಗೆಯನ್ನು ಬೆರಳ ತುದಿಯಲ್ಲಿ ಬಿಡಿಸತೊಡಗಿದರು. ಈ ಇಟ್ಟಿಗೆ ತೆಗೆಯಿರಿ, ಅದನ್ನು ಹಾಗೇ ಇರಲು ಬಿಡಿ, ಇದರ ಕೆಳಗೆ ಮರದ ತುಂಡು ಕೊಟ್ಟು ಆಮೇಲೆ ತೆಗೆಯಿರಿ. ಗಡಿಯಾರದ ಹಲ್ಲುಚಕ್ರ ಬಿಚ್ಚುವಾಗ ಇರುವಷ್ಟೇ ನಿಧಾನ. ಭಾವ ಕೈಯೊಡ್ಡಿದ ಹೊತ್ತಿಗೆ ಸರಿಯಾಗಿ ಗಾಳಿ ಊರೆಲ್ಲ ಅಲೆದು ಮರದ ತುಂಡುಗಳನ್ನು ತಂದಿರುತ್ತಿದ್ದಳು.

ಜನಕ್ಕೆ ಇದೆಲ್ಲ ಏನು ಗೊತ್ತು? ಲಾರಿ ಎತ್ತುವ ಗಂಡಸು ಇಟ್ಟಿಗೆ ಆಯುತ್ತಾ ಕೂತಿದ್ದಾನೆ, ಅಷ್ಟೇ ಅವರಿಗೆ ಕಂಡದ್ದು. "ಎತ್ತಯ್ಯಾ! ಏನು ನೋಡ್ತಾ ಇದ್ದೀಯ?" ಎಂದು ಕೂಗಿದರು. "ಸ್ವಂತ ಮಗಳಿಗೇ ಆಗದ ಶಕ್ತಿ ಯಾಕೆ, ಸುಡೋಕಾ?" ಎಂದರು. ಯಾರೋ ಚಪ್ಪಲಿ ಎಸೆದರು. ಗಾಳಿ ಮೇಷ್ಟ್ರ ತೋಳು ಹಿಡಿದು, "ಕೈ ಎತ್ತಿ ಮೇಷ್ಟ್ರೇ, ಇವರ ಬಾಯಿ ಮುಚ್ಚಿಸಿ," ಎಂದಳು.

ಮೇಷ್ಟ್ರು ಜನರ ಕಡೆ ನೋಡಿದರು. "ಮಗು ದನಿ ಕೇಳಿ ಅವರ ಕರುಳು ಕಿತ್ತು ಬರ್ತಿದೆಯಮ್ಮ, ಅದಕ್ಕೆ ಕೂಗ್ತಿದ್ದಾರೆ. ಕೂಗಲಿ," ಎಂದು ಎರಡೂ ಕೈಯನ್ನು ಜೇಬಿಗಿಳಿಸಿಕೊಂಡು ನಿಂತರು.

ಅಷ್ಟರಲ್ಲಿ ಚಿಕ್ಕಮ್ಮನ ಅಕ್ಕ, ಚೂಟಿಯ ಅಮ್ಮ, ಓಡೋಡಿ ಬಂದಳು. ಸೆರಗು ಬೀದಿಯ ಧೂಳಿನಲ್ಲಿ ಎಳೆದಾಡುತ್ತಿತ್ತು. ಮಗಳ ದನಿ ಕೇಳಿದವಳೇ ಗಂಡನ ಅಂಗಿ ಹಿಡಿದು ಜಗ್ಗಿದಳು.

"ಎತ್ತ್ರೀ! ನಿಮ್ಮ ಮಗಳು ರೀ ಅದು! ಯಾರು ತಡೆದ್ರು ನಿಮ್ಮನ್ನ?"

ಭಾವ ಇಟ್ಟಿಗೆಯಿಂದ ಕಣ್ಣು ತೆಗೆಯಲಿಲ್ಲ.

"ನಾನಕ್ಕ," ಎಂದಳು ಚಿಕ್ಕಮ್ಮ.

ಅಕ್ಕ ಅವಳನ್ನು ನೋಡಿದ ನೋಟ ಹೇಗಿತ್ತೆಂದರೆ, ಅದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೂ ಚೆನ್ನಾಗಿತ್ತು.

ಸಂಜೆಯ ಹೊತ್ತಿಗೆ ಮೊದಲು ಪ್ಲಂಬರ್ ಬಂದ, ಅವನ ಹಿಂದೆ ಮೇಡಮ್ಮು. ಆ ದಾರಿಯಲ್ಲೇ ಗೋಡೆಗೆ ಆನಿಕೆ ಕೊಟ್ಟು ಗಟ್ಟಿ ಮಾಡಿದ ಮೇಲೆ ಚಿಕ್ಕಮ್ಮ, "ಈಗ ಎತ್ತಿ ಭಾವ," ಎಂದಳು. ಭಾವ ಚಪ್ಪಡಿಯನ್ನು ಒಂದೇ ಕೈಯಲ್ಲಿ ಎತ್ತಿ, ಇನ್ನೊಂದರಲ್ಲಿ ಮಗಳನ್ನು ಎಳೆದುಕೊಂಡರು. ಕೂಗುತ್ತಿದ್ದ ಜನ ಆಗ ತಾವಾಗಿಯೇ ಸುಮ್ಮನಾದರು. ಭಾವನ ಹತ್ತೂ ಬೆರಳುಗಳ ಉಗುರು ಕಿತ್ತುಹೋಗಿತ್ತು.

ಆ ಪಾದದ ಎಕ್ಸ್‌ರೇ ತೆಗೆದದ್ದು ಚಿಕ್ಕಮ್ಮನೇ. ಆ ದಿನವೂ ಗುಂಡಿ ಒತ್ತಿದಳು, ಆ ದಿನವೂ ಫಿಲ್ಮಿಗೆ ಕಾದಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. ಹಿಮ್ಮಡಿಯ ಮೇಲಿನಿಂದ ಕತ್ತರಿಸಬೇಕಾಯಿತು.

ಮರುದಿನ ಬೆಳಗ್ಗೆ ಚೂಟಿಗೆ ಎಚ್ಚರವಾದಾಗ ಅಕ್ಕ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ತಂಗಿಯ ಜತೆ ಅವಳು ಇನ್ನೂ ಒಂದು ಮಾತೂ ಆಡಿರಲಿಲ್ಲ. ಭಾವ ಕೋಣೆಯ ಹೊರಗೆ ನೆಲದ ಮೇಲೆ ಕೂತಿದ್ದರು. ಮಗಳಿಗೆ ಮುಖ ತೋರಿಸುವ ಧೈರ್ಯ ಆ ಬಲಶಾಲಿಗೆ ಬಂದಿರಲಿಲ್ಲ.

ಚೂಟಿ ಹೊದಿಕೆ ತಗ್ಗಾಗಿದ್ದ ಜಾಗವನ್ನು ತುಂಬ ಹೊತ್ತು ನೋಡಿದಳು. ಅತ್ತಳು. ಚಿಕ್ಕಮ್ಮ ಅವಳ ತಲೆ ನೇವರಿಸುತ್ತಾ ಕೂತಳು.

"ನೀನು ಹೇಳಿದ್ದು ನಂಗೆ ಕೇಳಿಸ್ತು," ಎಂದಳು ಚೂಟಿ ಕೊನೆಗೆ.

"ಕೋಪ ಬಂತಾ ಮರಿ?"

"ಬಂತು. ಈಗ್ಲೂ ಇದೆ." ಮೂಗೆಳೆದುಕೊಂಡಳು. "ಕಲ್ಲು ಅಲ್ಲಾಡಿದಾಗ ಮೇಡಂ ಕಿರುಚಿದ್ರು ಚಿಕ್ಕಮ್ಮ. ಅಲ್ಲಿವರೆಗೂ ಪಾಪ, ನಂಗೆ ಭಯ ಆಗ್ಬಾರ್ದು ಅಂತ ಏನೇನೋ ಕತೆ ಹೇಳ್ತಾ ಇದ್ರು. ಅವರು ಕಿರುಚಿದ ತಕ್ಷಣ ನಂಗೆ ಗೊತ್ತಾಯ್ತು. ಆದ್ರೂ ಅಪ್ಪ ಎತ್ತಿಬಿಡ್ಲಿ ಅಂತಾನೇ ಅನ್ನಿಸ್ತು. ಮೇಡಂ ಹೋದ್ರೆ ಹೋಗ್ಲಿ ಅನ್ನಿಸ್ತು. ನಾನು ಕೆಟ್ಟವಳಾ?"

"ಅಲ್ಲ ಕಂದ. ನಂಗೂ ಹಾಗೇ ಅನ್ನಿಸಿತ್ತು."

ಕಿಟಕಿಯ ಹತ್ತಿರ ಅಕ್ಕನ ಬೆನ್ನು ಅಲುಗಿತು.

"ಅಪ್ಪ ಒಂದೇ ಸಲಕ್ಕೆ ಕೈ ತೆಗೆದ್ರಾ? ಎರಡನೇ ಸಲ ಹೇಳಿಸ್ಕೊಳ್ಲಿಲ್ವಾ?"

"ಇಲ್ಲ. ಒಂದೇ ಸಲಕ್ಕೆ."

ಚೂಟಿ ಛಾವಣಿಯ ಕಡೆ ಕಣ್ಣು ಹಾಯಿಸಿದಳು. "ನಮ್ಮಪ್ಪಂಗೆ ಅಷ್ಟೊಂದು ಶಕ್ತಿ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು, ಪಿಸುದನಿಯಲ್ಲಿ.

ಅಕ್ಕ ಕಿಟಕಿ ಬಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದಳು. ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ಗೋಡೆಯ ಆಚೆ ಗಂಡ ಹೆಂಡಿರ ನಡುವೆ ಏನು ನಡೆಯುತ್ತಿದೆ ಎಂದು ತಿಳಿಯಲು ಚಿಕ್ಕಮ್ಮನಿಗೆ ಕಣ್ಣು ಕಿರಿದು ಮಾಡಿದರೆ ಸಾಕಿತ್ತು. ಜೀವ ಹಾತೊರೆಯುತ್ತಿತ್ತು. ಅಕ್ಕ ಬೈಯುತ್ತಿದ್ದಾಳೋ, ಅಳುತ್ತಿದ್ದಾಳೋ, ತನಗೆ ಇನ್ನು ಅಕ್ಕನ ಮನೆಯ ಹೊಸ್ತಿಲು ಇದೆಯೋ ಇಲ್ಲವೋ. ಅವಳು ಮುಖವನ್ನು ಚೂಟಿಯ ಕಡೆಗೇ ತಿರುಗಿಸಿ, ಗೋಡೆಯನ್ನು ಗೋಡೆಯಾಗಿಯೇ ಇರಲು ಬಿಟ್ಟು ಕಾದಳು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಅಕ್ಕನ ಕಣ್ಣು ಊದಿಕೊಂಡಿತ್ತು. ಭಾವನ ಪಟ್ಟಿ ಕಟ್ಟಿದ ಕೈಯನ್ನು ಅವಳು ಮಗುವಿನ ಕೈ ಹಿಡಿದಂತೆ ಹಿಡಿದುಕೊಂಡಿದ್ದಳು. ಅವರನ್ನು ಮಗಳ ಪಕ್ಕ ಕೂರಿಸಿ, ತಂಗಿಯ ಕಡೆ ತಿರುಗಿ, ಗಂಟು ಮುಖದಲ್ಲೇ ಕೇಳಿದಳು:

"ನಿನ್ನೆಯಿಂದ ಏನಾದ್ರೂ ತಿಂದಿದ್ಯೇನೇ ನೀನು?"