ಬಿಸಿನೀರಕ್ಕನ ಹನ್ನೆರಡನೇ ಕೋಣೆ

ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಮೊದಲು ಬೈಸಿಕೊಳ್ಳುವುದು ಫ್ಯಾನು. ಅಪ್ಪನಿಗೆ ಜ್ವರ ಬಂದಾಗ ಬಿಸಿನೀರಕ್ಕನೂ ಫ್ಯಾನನ್ನೇ ಬೈದಳು.

ಬಸ್ ನಿಲ್ದಾಣದ ಎದುರು ಹನ್ನೆರಡು ಕೋಣೆಗಳ ಲಾಡ್ಜ್ ಅವಳದು. ಯಾವ ಹೊತ್ತಿಗೆ ಬಂದರೂ ಸ್ನಾನಕ್ಕೆ ಬಿಸಿನೀರು ಸಿಗುತ್ತದೆಂದು ಪ್ರಯಾಣಿಕರು ಅವಳಿಗೆ ಪ್ರೀತಿಯಿಂದ ಇಟ್ಟ ಹೆಸರು ಬಿಸಿನೀರಕ್ಕ. ಕಣ್ಣು ತೋರಿಸಲು ಬಂದಿದ್ದ ಅವಳ ಅಪ್ಪ, ನಿವೃತ್ತ ಬಸ್ ಡ್ರೈವರ್, ಗಲಾಟೆಯಿಲ್ಲದ ಕೋಣೆ ಬೇಕೆಂದರು. ಮೇಲಿನ ಮಹಡಿಯ ಹನ್ನೆರಡನೇ ಕೋಣೆ ನಾಲ್ಕು ತಿಂಗಳಿಂದ ಮುಚ್ಚಿತ್ತು. ಗುಡಿಸಿ, ಒರೆಸಿ ಕೊಟ್ಟಳು. ಅಪ್ಪ ಅಲ್ಲಿ ಶವರ್ ಕೆಳಗೆ ತಮ್ಮ ಹಾಡು ಮುಗಿಯುವ ತನಕ ನಿಂತು ಸ್ನಾನ ಮಾಡಿದರು.

ವಾರ ಕಳೆಯುವಷ್ಟರಲ್ಲಿ ಅವರ ಮೈ ಕೆಂಡದಂತೆ ಸುಡತೊಡಗಿತು, ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರು ನ್ಯುಮೋನಿಯಾ ಎಂದರು. ಪರೀಕ್ಷೆಯಲ್ಲಿ ಲೀಜಿಯೊನೆಲ್ಲಾ ಎಂಬ ರೋಗಾಣು ಸಿಕ್ಕಿತು. ಅದು ನೀರಿನಿಂದ ಬರುವಂಥದ್ದು ಎಂದು ಹೇಳಿ, ನಿಯಮದ ಪ್ರಕಾರ ಆರೋಗ್ಯ ಇಲಾಖೆಗೂ ತಿಳಿಸಿದರು.

ಮರುದಿನ ಬೆಳಿಗ್ಗೆ ಇಲಾಖೆಯ ಇನ್‌ಸ್ಪೆಕ್ಟರ್ ಮೇಡಂ ಚೀಲ ಹಿಡಿದು ಲಾಡ್ಜಿನ ಬಾಗಿಲಲ್ಲಿ ನಿಂತಿದ್ದರು. ಡಾಕ್ಟರು ತಿಳಿಸಿದ್ದು ಗೊತ್ತಿಲ್ಲದ ಅಕ್ಕನಿಗೆ, ಪಕ್ಕದ ಲಾಡ್ಜಿನವರೇ ಚಾಡಿ ಹೇಳಿರಬೇಕು ಎಂದು ಮೈಯೆಲ್ಲ ಉರಿಯಿತು.

“ನಮ್ಮಲ್ಲಿ ಹಗಲೂ ರಾತ್ರಿ ಬಿಸಿನೀರು ಬರುತ್ತೆ ಮೇಡಂ. ಬಿಸಿನೀರಲ್ಲಿ ಯಾವ ರೋಗಾಣು ಬದುಕುತ್ತೆ?”

ಮೇಡಂ ಬಿಸಿನೀರಿನ ನಲ್ಲಿ ತಿರುಗಿಸಿ, ಲೋಟದಲ್ಲಿ ನೀರು ಹಿಡಿದು ಥರ್ಮಾಮೀಟರ್ ಇಟ್ಟರು. ಮೂವತ್ತೆಂಟು ಡಿಗ್ರಿ.

“ಇದು ಬಿಸಿನೀರಲ್ಲ ಅಕ್ಕ, ಉಗುರುಬೆಚ್ಚಗಿನ ನೀರು. ಆ ರೋಗಾಣು ಸೊಂಪಾಗಿ ಬೆಳೆಯೋದು ಇಷ್ಟು ಬಿಸಿಯಲ್ಲೇ.”

ಅಕ್ಕನ ಮುಖ ಸಣ್ಣದಾಯಿತು. ಎರಡು ವರ್ಷದ ಹಿಂದೆ ಇದೇ ನಲ್ಲಿಯಲ್ಲಿ ಅತಿಥಿಯೊಬ್ಬರ ಮಗು ಕೈ ಸುಟ್ಟುಕೊಂಡಿತ್ತು. ಆ ಅಳು ಕೇಳಲಾಗದೆ ಅಂದೇ ಬಾಯ್ಲರಿನ ಗುಂಡಿಯನ್ನು ಅವಳೇ ತಗ್ಗಿಸಿದ್ದಳು.

“ಹಾಗಾದ್ರೆ ಅಪ್ಪನಿಗೆ ಹೀಗಾಗಿದ್ದು ನನ್ನಿಂದಾನಾ?” ಎಂದು ಕೇಳಿದಳು.

“ನೀವು ಮಾಡಿದ್ದು ಕಾಳಜಿಯಿಂದ. ತಪ್ಪು ಹುಡುಕೋಕೆ ನಾನು ಬಂದಿಲ್ಲ, ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬಂದಿದ್ದೀನಿ.”

ಮೇಡಂ ಕೂತು ಬಿಡಿಸಿ ಹೇಳಿದರು. ನಿಂತ ನೀರಿನಲ್ಲಿ, ಪಾಚಿ ಮತ್ತು ಗಸಿಯಲ್ಲಿ ಇದು ಬೆಳೆಯುತ್ತದೆ. ಶವರಿನ ಸಣ್ಣ ಹನಿಗಳ ಜೊತೆ ಉಸಿರಿನಲ್ಲಿ ಒಳಗೆ ಹೋಗುತ್ತದೆ. ವಯಸ್ಸಾದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಶ್ವಾಸಕೋಶ ದುರ್ಬಲ ಇರುವವರಿಗೆ ಹೆಚ್ಚು ಅಪಾಯ. ಅಪ್ಪನಿಂದ ತನ್ನ ಮಕ್ಕಳಿಗೆ ಅಂಟುತ್ತದೆಯೇ ಎಂದು ಅಕ್ಕ ಹೆದರುತ್ತಲೇ ಕೇಳಿದಳು. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ಕೇಳಿ ಅರ್ಧ ಜೀವ ಬಂದಂತಾಯಿತು.

ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಸ್ನಾನದ ಕೋಣೆಗಳಿಗೆ ಬೀಗ ಬಿತ್ತು. ಹನ್ನೆರಡನೇ ಕೋಣೆಯ ನೀರಿನಲ್ಲಿ ರೋಗಾಣು ಇರುವುದು ಖಚಿತವಾದಾಗ ಅಕ್ಕ ತಾನೇ ಪ್ಲಂಬರನ್ನು ಕರೆಸಿದಳು. ಪ್ಲಂಬರ್ ಬಂದ, ಟ್ಯಾಂಕಿನ ಗಸಿ ತೆಗೆದ. ಹಿಂದೆ ಯಾವಾಗಲೋ ತಾನೇ ಬಾಯಿ ಮುಚ್ಚಿ ಬಿಟ್ಟಿದ್ದ ಪೈಪಿನ ತುಂಡು ಕಂಡು ತಲೆ ಕೆರೆದುಕೊಂಡ. ವರ್ಷಗಟ್ಟಲೆ ನೀರು ಅದರಲ್ಲೇ ಕೊಳೆತಿತ್ತು. ಅದನ್ನು ಕತ್ತರಿಸಿ ತೆಗೆದು, ಬಾಯ್ಲರನ್ನು ಅರವತ್ತು ಡಿಗ್ರಿಗೆ ಏರಿಸಿದ. ಕೈ ಸುಡದಂತೆ ನಲ್ಲಿಯ ಹತ್ತಿರವೇ ತಣ್ಣೀರು ಬೆರೆಸುವ ವಾಲ್ವ್ ಕೂರಿಸಿದ. ಇಷ್ಟು ಸಣ್ಣ ವಾಲ್ವ್ ಮಗು ಕೈ ಸುಟ್ಟುಕೊಂಡ ದಿನವೇ ಹಾಕಿಸಿದ್ದರೆ ಎಂದು ಅಕ್ಕ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಜ್ವರ ಇಳಿದಿದೆ, ಅಪ್ಪ ಕಾಫಿಗೆ ಸಕ್ಕರೆ ಸಾಲದು ಎಂದು ಜಗಳ ತೆಗೆದಿದ್ದಾರೆ. ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಮನಸಾರೆ ಅತ್ತಳು. ನೀರಿನ ಎರಡನೇ ಪರೀಕ್ಷೆಯಲ್ಲಿ ರೋಗಾಣು ಇಲ್ಲವೆಂದು ಬಂದಾಗ ಬೀಗ ತೆಗೆಯಲು ಮೇಡಂ ತಾವೇ ಬಂದರು.

ಈಗ ಮೆಟ್ಟಿಲ ಬಳಿ, ನೀರು ಬಿಟ್ಟ ದಿನ, ನೀರಿನ ಬಿಸಿ ಬರೆದಿಡುವ ಒಂದು ಪುಸ್ತಕ ತೂಗುತ್ತದೆ. ಪ್ರತಿ ಸೋಮವಾರ ಅಕ್ಕ ಖಾಲಿ ಕೋಣೆಗಳ ಕಿಟಕಿ ತೆರೆದು, ಶವರಿನ ತಲೆ ಬಿಚ್ಚಿಟ್ಟು, ಹನಿ ಸಿಡಿಯದಂತೆ ಮೆಲ್ಲಗೆ ನೀರು ಬಿಟ್ಟು ಹೊರಗೆ ಬಂದು ನಿಲ್ಲುತ್ತಾಳೆ. ಅಪ್ಪನನ್ನು ಮೇಲೆ ಹತ್ತಲು ಬಿಡುವುದಿಲ್ಲ. ಅವರು ಕೆಳಗೆ ಕುರ್ಚಿ ಹಾಕಿಕೊಂಡು, ಬಸ್ ಬಿಡುವವರ ಹಾಗೆ ಗಡಿಯಾರ ನೋಡುತ್ತಾ ಕೂರುತ್ತಾರೆ.

“ಇನ್ನೂ ಐದು ನಿಮಿಷ ಆಗಿಲ್ಲಮ್ಮ. ನಲ್ಲಿ ನಿಲ್ಲಿಸಬೇಡ. ಆ ಕೋಣೆ ನನಗೆ ಚೆನ್ನಾಗಿ ಗೊತ್ತು.”

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಲಾಡ್ಜ್, ಹಾಸ್ಟೆಲ್, ಆಸ್ಪತ್ರೆ, ಶಾಲೆ ನೋಡಿಕೊಳ್ಳುವವರೇ, ನಿಮ್ಮ ಕಟ್ಟಡದಲ್ಲೂ ಒಂದು ಹನ್ನೆರಡನೇ ಕೋಣೆ ಇದ್ದೇ ಇರುತ್ತದೆ. ಇವತ್ತೇ ಹೋಗಿ ನೋಡಿ. ಬಿಸಿನೀರು ಬಿಸಿಯಾಗಿರಲಿ, ತಣ್ಣೀರು ತಣ್ಣಗಿರಲಿ, ಯಾವ ನೀರೂ ನಿಂತು ಕೊಳೆಯದಿರಲಿ. ಮಾಡಿದ್ದನ್ನು ಬರೆದಿಡಿ. ಇನ್‌ಸ್ಪೆಕ್ಟರ್ ಬಂದರೆ ಬಾಗಿಲು ತೆರೆಯಿರಿ. ಅವರು ಕಾಯಲು ಬಂದಿರುವುದು ನಿಮ್ಮವರ ಉಸಿರನ್ನೇ.